ಆಯಾ ಕೈಗೆ ಮನೆ ಬಿಡುವ ಮುನ್ನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಂದೂವರೆ ವರ್ಷದ ಮಗಳನ್ನು ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ ಆಯಾ ನೋಡಿಕೊಳ್ಳುತ್ತಾರೆ. ಮೂರನೇ ಮಹಡಿಯ ಫ್ಲಾಟು. ಬೀಗದ ಕೈ ಕೊಡಬೇಡಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿ ಎನ್ನುತ್ತಾರೆ ಅತ್ತೆಯವರು. ಹಾಗೆ ಮಾಡಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಖಂಡಿತ ಬೇಡ. ಗ್ಯಾಸ್ ಸೋರಿದರೆ, ಸ್ವಿಚ್ ಬೋರ್ಡಿನಿಂದ ಹೊಗೆ ಬಂದರೆ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಎತ್ತಿಕೊಂಡು ಓಡಲು ಆಕೆಗೆ ದಾರಿಯೇ ಇರುವುದಿಲ್ಲ. ಅಕ್ಕಪಕ್ಕದವರು ಓಡಿಬಂದರೂ ಬೀಗ ಒಡೆಯಬೇಕು. ಮೇಲಾಗಿ ಒಬ್ಬರನ್ನು ಹೀಗೆ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಅಕ್ರಮ ಬಂಧನದ ವ್ಯಾಪ್ತಿಗೆ ಬರಬಹುದು. ಮಗುವನ್ನೇ ಒಪ್ಪಿಸಿದ ಮೇಲೆ ಬೀಗದ ಕೈ ಕೊಡಲು ಹಿಂಜರಿಯುವುದರಲ್ಲಿ ಅರ್ಥವಿಲ್ಲ. ಚಿನ್ನ, ಆಸ್ತಿ ಪತ್ರಗಳ ಚಿಂತೆಯಿದ್ದರೆ ಅವು ಬ್ಯಾಂಕ್ ಲಾಕರಿಗೆ ಹೋಗಲಿ. ಬೀರುವಿಗೆ ಬೀಗ ಹಾಕಿ, ಬಾಗಿಲಿಗಲ್ಲ.

ಇನ್ನು ನೈಟ್ ಲ್ಯಾಚ್, ಅಂದರೆ ಬಾಗಿಲು ಮುಚ್ಚಿದೊಡನೆ ತಾನಾಗಿಯೇ ಬೀಳುವ ಬೀಗ. ಫ್ಲಾಟುಗಳಲ್ಲಿ ಕಳ್ಳರಿಗಿಂತ ಹೆಚ್ಚು ತೊಂದರೆ ಕೊಡುವುದು ಇದೇ. ಆಯಾ ಒಲೆಯ ಮೇಲೆ ಹಾಲಿಟ್ಟು, ಕಸದ ಬಕೆಟ್ ಇಡಲು ಒಂದು ಹೆಜ್ಜೆ ಹೊರಗಿಡುತ್ತಾರೆ. ಬಾಲ್ಕನಿ ಬಾಗಿಲು ತೆರೆದಿದ್ದರೆ ಗಾಳಿ ಬೀಸಿ ಮುಂಬಾಗಿಲು ದಡ್ ಎಂದು ಮುಚ್ಚಿಕೊಳ್ಳುತ್ತದೆ, ಲ್ಯಾಚ್ ತಾನಾಗಿಯೇ ಬೀಳುತ್ತದೆ. ಮಗು ಒಳಗೆ, ಉರಿಯುವ ಒಲೆ ಒಳಗೆ, ಬೀಗದ ಕೈ ಗೋಡೆಯ ಮೊಳೆಯಲ್ಲಿ, ಫೋನು ಸೋಫಾ ಮೇಲೆ. ಇದನ್ನು ತಡೆಯಲು ಮೂರು ಕೆಲಸ ಮಾಡಿ. ಲ್ಯಾಚಿನ ಒಳಬದಿಯಲ್ಲಿ, ಚೌಕಟ್ಟಿಗೆ ಸಿಕ್ಕಿಕೊಳ್ಳುವ ನಾಲಿಗೆಯನ್ನು ಹಿಡಿದಿಡುವ ಸಣ್ಣ ಗುಂಡಿ ಇರುತ್ತದೆ. ಹೊಸ್ತಿಲು ದಾಟುವ ಮೊದಲು ನಾಲಿಗೆಯನ್ನು ಒಳಗೆಳೆದು ಗುಂಡಿ ಒತ್ತುವುದನ್ನು ಆಯಾಗೆ ತೋರಿಸಿ, ಅವರ ಕೈಯಲ್ಲೇ ನಾಲ್ಕೈದು ಸಲ ಮಾಡಿಸಿ. ಬಾಗಿಲ ಹಿಂದೆ ಅಯಸ್ಕಾಂತದ ಡೋರ್ ಸ್ಟಾಪರ್ ಹಾಕಿಸಿ. ಒಂದು ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಅವರ ಸೊಂಟಕ್ಕೋ ಕೊರಳಿಗೋ ಕೊಡಿ. ಗೋಡೆಯ ಮೊಳೆಯಲ್ಲಿರುವ ಕೀ ಇಂಥ ಹೊತ್ತಿನಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಇನ್ನೊಂದು ಕೀ ಹಗಲು ಮನೆಯಲ್ಲಿರುವ ನೆರೆಯವರ ಬಳಿ ಇರಲಿ.

ಇದೇ ತೊಂದರೆ ಬಾತ್‌ರೂಮು, ಮಲಗುವ ಕೋಣೆಯ ಚಿಲಕಗಳಲ್ಲೂ ಇದೆ. ಮಗು ಒಳಗೆ ಹೋಗಿ ಕೆಳಗಿನ ಚಿಲಕ ಎಳೆದುಬಿಟ್ಟರೆ ತೆಗೆಯಲು ಅದಕ್ಕೆ ತಿಳಿಯುವುದಿಲ್ಲ. ಮಗುವಿನ ಕೈಗೆಟಕುವ ಚಿಲಕಗಳನ್ನು ಇವತ್ತೇ ಬಿಚ್ಚಿಸಿ, 5 ಅಡಿ ಎತ್ತರಕ್ಕೆ ಹಾಕಿಸಿ. ಬಡಗಿ ಬರುವವರೆಗೆ ಕದದ ಮೇಲಂಚಿಗೆ ದಪ್ಪ ಟವೆಲ್ ಮಡಚಿ ಹಾಕಿಡಿ, ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಪ್ರಶ್ನೆ: ದಿನಕ್ಕೆ ನಾಲ್ಕೈದು ಸಲ ಬೆಲ್ ಆಗುತ್ತದೆ: ಕೊರಿಯರ್, ನೀರಿನ ಕ್ಯಾನ್, ಮೀಟರ್ ನೋಡುವವರು. ಯಾರಿಗೆ ಬಾಗಿಲು ತೆಗೆಯಬೇಕು ಎಂದು ನಮ್ಮ ಆಯಾಗೆ ಹೇಗೆ ಹೇಳಿಕೊಡುವುದು?
– ಮೈಸೂರಿನ ಓದುಗರು

ಉತ್ತರ: ಪಟ್ಟಿ ಉದ್ದವಾದಷ್ಟೂ ಗೊಂದಲ. ಒಂದೇ ನಿಯಮ ಸಾಕು: ‘ಇವತ್ತು ಇಂಥವರು ಬರುತ್ತಾರೆ’ ಎಂದು ಬೆಳಿಗ್ಗೆ ನೀವು ಹೇಳಿ ಹೋಗದಿದ್ದರೆ ಗ್ರಿಲ್ ಬಾಗಿಲು ತೆರೆಯುವುದಿಲ್ಲ. ಮರದ ಬಾಗಿಲಿನಾಚೆ ಜಾಲರಿಯ ಸೇಫ್ಟಿ ಡೋರ್ ಇಲ್ಲದಿದ್ದರೆ ಮೊದಲು ಅದನ್ನೇ ಹಾಕಿಸಿ. ಸರಪಳಿಯನ್ನು ನೆಚ್ಚಿಕೊಳ್ಳಬೇಡಿ. ಗಿಡ್ಡ ಸ್ಕ್ರೂಗಳಲ್ಲಿ ಚೌಕಟ್ಟಿಗೆ ಕೂರಿಸಿದ ಸರಪಳಿ ಭುಜದಿಂದ ಒಮ್ಮೆ ತಳ್ಳಿದರೆ ಕಿತ್ತುಬರುತ್ತದೆ. ಹೊರಗೆ ಒಂದು ಸ್ಟೂಲ್ ಇಟ್ಟರೆ ಪಾರ್ಸೆಲ್ ಅಲ್ಲೇ ಕೂರುತ್ತದೆ, ಒಟಿಪಿಯನ್ನು ನೀವು ಫೋನಿನಲ್ಲೇ ಹೇಳಬಹುದು. ಫಿಲ್ಟರ್, ಎಸಿ, ಇಂಟರ್ನೆಟ್ ರಿಪೇರಿಯವರನ್ನು ನೀವು ಮನೆಯಲ್ಲಿರುವ ದಿನಕ್ಕೇ ಕರೆಸಿ.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಇಲ್ಲಿ: ‘ಸಾರ್‌ಗೆ ಆಕ್ಸಿಡೆಂಟ್ ಆಗಿದೆ, ಮೇಡಂ ಕಳಿಸಿದ್ದಾರೆ, ಮಗುವನ್ನು ಕೊಡಿ’ ಎಂದು ಯಾರಾದರೂ ಬರುವುದು. ಗಾಬರಿಯಲ್ಲಿ ಯಾರ ಕೈಯೂ ನಡುಗುತ್ತದೆ. ಆದ್ದರಿಂದ ಮನೆಯವರಿಗೆ ಮತ್ತು ಆಯಾಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ, ನಿಮ್ಮ ಊರಿನ ದೇವರ ಹೆಸರೋ ಅಜ್ಜಿಯ ಅಡ್ಡಹೆಸರೋ ಆಗಬಹುದು. ಆ ಪದ ಹೇಳದವರಿಗೆ ಮಗು ಇಲ್ಲ. ಬಂದವರು ತೋರಿಸುವ ನಂಬರಿಗೆ ಆಯಾ ಫೋನ್ ಮಾಡಬಾರದು, ತನ್ನ ಫೋನಿನಲ್ಲಿರುವ ನಿಮ್ಮ ನಂಬರಿಗೇ ಮಾಡಬೇಕು.

ಆಯಾಗೆ ಇನ್ನೊಂದು ಮಾತನ್ನು ನೀವೇ ಬಾಯಿಬಿಟ್ಟು ಹೇಳಬೇಕು: ‘ನಮ್ಮ ನೆಂಟರೇ ಬಂದರೂ ನಮ್ಮನ್ನು ಕೇಳದೆ ಬಾಗಿಲು ತೆಗೆಯಬೇಡಿ. ಅವರು ಕೋಪಿಸಿಕೊಂಡರೆ ನಾವು ನೋಡಿಕೊಳ್ಳುತ್ತೇವೆ.’ ಮನೆಯ ಯಜಮಾನರ ಅಣ್ಣನನ್ನು ಹೊರಗೆ ನಿಲ್ಲಿಸುವ ಧೈರ್ಯ ಕೆಲಸದವರಿಗೆ ತಾನಾಗಿ ಬರುವುದಿಲ್ಲ. ನೆಂಟರಿಗೂ ಮೊದಲೇ ತಿಳಿಸಿಡಿ.

ಬಾಗಿಲ ಹಿಂದೆ ದಪ್ಪಕ್ಷರದಲ್ಲಿ ಒಂದು ಹಾಳೆ ಅಂಟಿಸಿ: ಫ್ಲಾಟ್ ನಂಬರ್, ಮಹಡಿ, ಅಡ್ಡರಸ್ತೆ, ಹತ್ತಿರದ ಗುರುತು. ಮನೆಗೆ ಬರುವ ದಾರಿ ಗೊತ್ತಿದ್ದರೂ ವಿಳಾಸ ಹೇಳಲು ಬಾರದವರು ಬಹಳ. ಅದರ ಕೆಳಗೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112, ಗ್ಯಾಸ್ ಸೋರಿಕೆಗೆ 1906, ನಿಮ್ಮ ನಂಬರುಗಳು, ನೆರೆಯವರ ನಂಬರ್. ಅವರಿಗೆ ಕನ್ನಡ ಓದಲು ಬರದಿದ್ದರೆ ಅವರು ಓದುವ ಲಿಪಿಯಲ್ಲಿ ಬರೆಸಿ.

ಪ್ರಶ್ನೆ: ಆಯಾಗೆ ತಿಳಿಯದಂತೆ ಕ್ಯಾಮೆರಾ ಇಡುವುದು ಸರಿಯೇ? ಕರೆಂಟ್ ಹೋದಾಗ ನಮ್ಮ ಕ್ಯಾಮೆರಾದ ದೃಶ್ಯ ಫೋನಿನಲ್ಲಿ ಕಾಣಿಸುವುದೇ ಇಲ್ಲ.
– ಹುಬ್ಬಳ್ಳಿಯ ಓದುಗರು

ಉತ್ತರ: ಹೇಳಿಯೇ ಇಡಿ, ತೋರಿಸಿಯೇ ಇಡಿ. ಕದ್ದು ನೋಡುತ್ತಿದ್ದರು ಎಂದು ತಿಳಿದ ದಿನ ಒಳ್ಳೆಯ ಆಯಾ ಕೆಲಸ ಬಿಡುತ್ತಾರೆ. ಮುಂಬಾಗಿಲಿಗೆ ಒಂದು, ಹಾಲಿನಲ್ಲಿ ಮಗು ಆಡುವ ಜಾಗಕ್ಕೆ ಒಂದು ಸಾಕು. ಆಕೆ ಬಟ್ಟೆ ಬದಲಿಸುವ, ಸ್ನಾನ ಮಾಡುವ ಜಾಗದಲ್ಲಿ ಕೂಡದು. ಹಾಗೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಮತ್ತು ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ.

ಕರೆಂಟ್ ಹೋದಾಗ ಕ್ಯಾಮೆರಾ ಮಾತ್ರವಲ್ಲ, ವೈಫೈ ಕೂಡ ಸಾಯುತ್ತದೆ. ರೌಟರಿಗೆ ಮಿನಿ ಯುಪಿಎಸ್ ಹಾಕಿಸಿ, ಫೈಬರ್ ಬರುವ ಇನ್ನೊಂದು ಪೆಟ್ಟಿಗೆಯನ್ನು ಮರೆಯುವವರೇ ಹೆಚ್ಚು. ಅದಕ್ಕೂ ಬ್ಯಾಕಪ್ ಬೇಕು, ಕ್ಯಾಮೆರಾಕ್ಕೂ ಬೇಕು. ಕೊಳ್ಳುವ ಮೊದಲು ಮೂರೂ ಅಡಾಪ್ಟರುಗಳ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ರೌಟರಿಗೆ ಸಾಮಾನ್ಯವಾಗಿ 12 ವೋಲ್ಟ್, ಸಣ್ಣ ಕ್ಯಾಮೆರಾಕ್ಕೆ 5 ವೋಲ್ಟ್. ಕ್ಯಾಮೆರಾದೊಳಗೆ 64 ಜಿಬಿ ಮೆಮೊರಿ ಕಾರ್ಡ್ ಇದ್ದರೆ ನೆಟ್ ಹೋದರೂ ದೃಶ್ಯ ಉಳಿಯುತ್ತದೆ. ಸಾಮಾನ್ಯ ಕಾರ್ಡುಗಳು ಹಗಲಿರುಳು ಬರೆದು ಬರೆದು ಬೇಗ ಕೆಡುತ್ತವೆ, ಹೈ ಎಂಡ್ಯುರೆನ್ಸ್ ಎಂದು ಬರೆದಿರುವುದನ್ನೇ ಕೇಳಿ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಪ್ರಶ್ನೆ: ಕೀ ಕೊಡುವ ಬದಲು ನಂಬರ್ ಒತ್ತುವ ಸ್ಮಾರ್ಟ್ ಲಾಕ್ ಒಳ್ಳೆಯದೇ?
– ಮಂಗಳೂರಿನ ಓದುಗರು

ಉತ್ತರ: ಒಳ್ಳೆಯದು, ಆಯಾಗೆ ಅವರದೇ ಬೇರೆ ಪಿನ್ ಕೊಟ್ಟರೆ. ಆಗ ಅವರು ಎಷ್ಟು ಹೊತ್ತಿಗೆ ಬಂದರು ಎಂಬುದು ಆ್ಯಪಿನಲ್ಲಿ ಕಾಣುತ್ತದೆ, ಕೆಲಸ ಬಿಟ್ಟ ದಿನ ಅದೊಂದನ್ನೇ ಅಳಿಸಬಹುದು. ಹಲವು ಲಾಕುಗಳು 4 ಎಎ ಬ್ಯಾಟರಿಯ ಮೇಲೆ ನಡೆಯುತ್ತವೆ. ಬ್ಯಾಟರಿ ಸತ್ತರೆ ಹೊರಬದಿಯ ಕೆಳಗಿರುವ ಟೈಪ್‌-ಸಿ ಕಿಂಡಿಗೆ ಪವರ್ ಬ್ಯಾಂಕ್ ಚುಚ್ಚಿ, ಇಲ್ಲವೇ 9 ವೋಲ್ಟ್ ಬ್ಯಾಟರಿ ತಾಗಿಸಿ ತೆಗೆಯುವ ವ್ಯವಸ್ಥೆ ಇರುವುದನ್ನೇ ಆರಿಸಿ, ಅದನ್ನು ಆಯಾಗೂ ಕಲಿಸಿ. ಲಾಕಿನ ಜೊತೆ ಕೊಡುವ ಲೋಹದ ಕೀಯನ್ನು ಮನೆಯೊಳಗಿನ ಡ್ರಾಯರಿನಲ್ಲಿಟ್ಟರೆ ಉಪಯೋಗವಿಲ್ಲ.

ಪ್ರಶ್ನೆ: ಎರಡು ವರ್ಷ ಇದ್ದ ಆಯಾ ಕೆಲಸ ಬಿಡುತ್ತಿದ್ದಾರೆ. ಬೀಗ ಪೂರ್ತಿ ಬದಲಿಸಬೇಕೇ? ಹೊಸಬರ ಪೂರ್ವಾಪರ ಹೇಗೆ ತಿಳಿಯುವುದು?
– ಬೆಂಗಳೂರಿನ ಓದುಗರು

ಉತ್ತರ: ಹೊಸಬರ ಆಧಾರ್ ಮೇಲಿನ ಕ್ಯೂಆರ್ ಅನ್ನು ಆಧಾರ್ ಪ್ರಾಧಿಕಾರದ (ಯುಐಡಿಎಐ) ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಹೆಸರು–ಫೋಟೊ ಹೊಂದುತ್ತವೆಯೇ ನೋಡಿ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಜಾಲತಾಣ ನೋಡಿ, ಇಲ್ಲವೇ ಠಾಣೆಯಲ್ಲಿ ವಿಚಾರಿಸಿ. ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ನೀವೇ ಮಾತಾಡಿ.

ಬೀಗ ಪೂರ್ತಿ ಬದಲಿಸಬೇಕಿಲ್ಲ. ಕದದೊಳಗೆ ಕೂರಿಸಿದ, ಸಿಲಿಂಡರ್ ಇರುವ ಮಾರ್ಟಿಸ್ ಲಾಕ್ ಆಗಿದ್ದರೆ ಕೀ ತೂರಿಸುವ ಆ ಸಿಲಿಂಡರನ್ನು ಮಾತ್ರ ಬದಲಿಸಿದರೆ ಸಾಕು. ಬಾಗಿಲು ತೆರೆದು ಕದದ ಅಂಚು ನೋಡಿ: ಕೀ ತೂತಿನ ನೇರಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ತುಸುವೇ ತಿರುಗಿಸುತ್ತಾ ಎಳೆಯಿರಿ. ಒಳಗಿನ ಹಲ್ಲು ಸಿಲಿಂಡರಿನ ಮೈಗೆ ಸಮವಾದ ಕ್ಷಣ ಅದು ಸಲೀಸಾಗಿ ಜಾರಿ ಬರುತ್ತದೆ, ಬಲ ಹಾಕಬೇಡಿ. ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಬೇರೆಬೇರೆಯಾಗಿ ಅಳೆಯಿರಿ, 30 ಮತ್ತು 30 ಆಗಿದ್ದರೆ 60 ಮಿ.ಮೀ. ಸಿಲಿಂಡರ್. ಹಳೆಯದನ್ನೇ ಅಂಗಡಿಗೆ ಒಯ್ದರೆ ಇನ್ನೂ ಒಳ್ಳೆಯದು. ಹೊಸದು ಹೊರಗಿನ ಪ್ಲೇಟಿನಿಂದ 3 ಮಿ.ಮೀ.ಗಿಂತ ಹೆಚ್ಚು ಚಾಚಿರಬಾರದು, ಚಾಚಿದರೆ ಇಕ್ಕಳ ಹಿಡಿದು ಮುರಿಯುವುದು ಸುಲಭ. ಆಯಾ ಕೀ ಹಿಂದಿರುಗಿಸುವ ದಿನವೇ ‘ಯಾರು ಬಿಟ್ಟರೂ ನಾವು ಬದಲಿಸುತ್ತೇವೆ’ ಎಂದು ಅವರಿಗೆ ಹೇಳಿ, ಅವರ ಪಿನ್, ಅಪಾರ್ಟ್‌ಮೆಂಟ್ ಗೇಟಿನ ಪಾಸ್ ಮತ್ತು ಮಗುವಿನ ಪ್ಲೇಸ್ಕೂಲಿನಲ್ಲಿ ಕರೆದೊಯ್ಯಲು ಅನುಮತಿ ಇರುವವರ ಪಟ್ಟಿಯಲ್ಲಿರುವ ಹೆಸರು, ಮೂರನ್ನೂ ತೆಗೆಸಿ.