ಹ್ಯುಮಿಡಿಟಿ 95% ಅಂದ್ರೆ ಗಾಳಿಯೆಲ್ಲ ನೀರೇನಾ?

ಮುಂಬೈ ಮಳೆಗಾಲದಲ್ಲಿ ಫೋನು 95% ತೋರಿಸಿದರೆ ಗಾಳಿಯಲ್ಲಿ 95 ಪಾಲು ನೀರಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಅಷ್ಟು ಒದ್ದೆ ದಿನದಲ್ಲೂ ನೀರಾವಿ ಇರುವುದು ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ.

ಈಗಿನ ತಾಪಮಾನದಲ್ಲಿ ಹೆಚ್ಚೆಂದರೆ ಎಷ್ಟು ಆವಿ ಇರಬಹುದೋ, ಅದರಲ್ಲಿ ಎಷ್ಟು ಪಾಲು ಇದೆ ಅನ್ನುವುದೇ ಆ 95. ಬಿಸಿ ಏರಿದ ಹಾಗೆ ಆ ಮಿತಿಯೂ ಏರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 10 ಡಿಗ್ರಿಗೆ ಸುಮಾರು 9 ಗ್ರಾಂ, 20ಕ್ಕೆ 17, 30ಕ್ಕೆ 30 ಗ್ರಾಂ. ಮಿತಿ ಮುಟ್ಟಿದಾಗ ನೀರು ಆವಿಯಾಗುವುದೂ ಆವಿ ಮತ್ತೆ ನೀರಾಗುವುದೂ ಸರಿಸಮ ಆಗುತ್ತವೆ. ಆಗ 100%, ಅಂದರೆ ಗಾಳಿ ಸಂತೃಪ್ತ.

ಇಲ್ಲಿ ಜನ ಮರೆಯುವುದು ಒಂದೇ: 100% ಮುಟ್ಟಲು ಹೊಸದಾಗಿ ಆವಿ ಸೇರಬೇಕಾಗಿಲ್ಲ, ಗಾಳಿ ತಣ್ಣಗಾದರೂ ಸಾಕು. ಬಿಸಿಯಾದರೆ ಇದರ ಉಲ್ಟಾ. ಪುಣೆಯ ಚಳಿಗಾಲದಲ್ಲಿ ಬೆಳಗ್ಗೆ 10 ಡಿಗ್ರಿ ಇದ್ದು ಇಬ್ಬನಿ ಬಿದ್ದಿದೆ ಅಂದುಕೊಳ್ಳಿ, ಅದೇ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಏರಿದರೆ ಆವಿ ಅಷ್ಟೇ ಇದ್ದರೂ ಹ್ಯುಮಿಡಿಟಿ ಸುಮಾರು 30%ಕ್ಕೆ ಇಳಿದಿರುತ್ತದೆ!

ಹಾಗಾಗಿ ಸೆಕೆ ಎಷ್ಟು ಅಂಟಂಟು ಅಂತ ತಿಳಿಯಲು ಬರೀ ಶೇಕಡಾ ನೋಡಬೇಡಿ, ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ನೋಡಿ, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ 100% ಆಗುತ್ತದೋ ಆ ತಾಪಮಾನ. ಮುಂಬೈಯಲ್ಲಿ 30 ಡಿಗ್ರಿ, 80% ಇದ್ದರೆ ಅದು ಸುಮಾರು 26. ಅದು ಅಷ್ಟು ಹೆಚ್ಚಿದ್ದಾಗ ಬೆವರು ಆರುವುದು ತುಂಬಾ ನಿಧಾನ, ಅಲ್ವಾ?