ಬೇಸ್‌ಬಾಲ್‌ನ ಜೋ ಟೋರೆ ಆಟಗಾರರಾಗಿ ದೊಡ್ಡವರಾ, ಮ್ಯಾನೇಜರ್ ಆಗಿಯಾ?

ಎರಡೂ ಹೌದು, ಆದರೆ ಹೆಸರು ಜಾಸ್ತಿ ಉಳಿದಿದ್ದು ಮ್ಯಾನೇಜರ್ ಆಗಿ, ಅಂದರೆ ನಮ್ಮ ಕೋಚ್ ಥರ ತಂಡ ನಡೆಸುವವರಾಗಿ. ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಶುರುವಲ್ಲಿ ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. 1971ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪರ 230 ಹಿಟ್ ಹೊಡೆದು, ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಒಂದೇ ಕೊರಗು, ಆಟಗಾರರಾಗಿ ಒಮ್ಮೆಯೂ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಸರಣಿ, ಆಡಲಿಲ್ಲ.

1977ರಲ್ಲಿ ಮೆಟ್ಸ್ ತಂಡದಲ್ಲಿ ಆಡುತ್ತಿದ್ದಾಗಲೇ ಅದರ ಮ್ಯಾನೇಜರ್ ಆದರು. ಆಮೇಲೆ ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್, ಮೂರೂ ಕಡೆ ಕೆಲಸ ಹೋಯಿತು, ಹಾಗಾಗಿ ನ್ಯೂಯಾರ್ಕಿನ ಯಾಂಕೀಸ್ ತಂಡ ಇವರನ್ನು ಮ್ಯಾನೇಜರ್ ಆಗಿ ತಗೊಂಡಾಗ ಊರಿನ ಪತ್ರಿಕೆಯೊಂದು ಗೇಲಿ ಮಾಡಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ. ಮೊದಲ ವರ್ಷ, 1996ರಲ್ಲೇ ವರ್ಲ್ಡ್ ಸೀರೀಸ್ ಗೆದ್ದರು! ಗೆಲ್ಲುವ ಹಿಂದಿನ ದಿನ ಅಣ್ಣ ಫ್ರಾಂಕ್‌ಗೆ ಹೃದಯ ಕಸಿ ಆಗಿತ್ತು. 1998, 1999, 2000ರಲ್ಲೂ ಗೆದ್ದರು.