ವೈದ್ಯರನ್ನು ಕೇಳಿ: ಕ್ಯಾನ್ಸರ್ ಗಡ್ಡೆಗೆ ವೈರಸ್ ಚುಚ್ಚುಮದ್ದು

ಕ್ಯಾನ್ಸರ್ ಗಡ್ಡೆಯೊಳಗೆ ವೈರಸ್ ಬಿಟ್ಟು ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆಯ ಬಗ್ಗೆ ಈ ತಿಂಗಳು ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹಲವು ಪತ್ರಗಳು ಬಂದಿವೆ. ವಿಷಯ ಒಂದೇ ಆದ್ದರಿಂದ ಐದನ್ನು ಆರಿಸಿಕೊಂಡು ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಟೊಮೆಟೊ ಬೆಳೆಗಾರ. ಕಾಯಿಕೊರಕ ಹುಳುವಿಗೆ ಎನ್‌ಪಿವಿ ಎಂಬ ನಂಜಾಣುವಿನ (ವೈರಸ್ಸಿನ) ದ್ರಾವಣ ಹೊಡೆಯುತ್ತೇನೆ. ನನ್ನ ಸೋದರತ್ತೆಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಗಿದೆ. ಮೂವತ್ತು ವರ್ಷ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿದವರು. ವೈರಸ್ಸು ಕ್ಯಾನ್ಸರನ್ನು ತಿಂದುಹಾಕುತ್ತದೆ ಎಂಬ ವಿಡಿಯೊ ಒಂದನ್ನು ಮಗ ತೋರಿಸಿದ. ಇದೂ ಎನ್‌ಪಿವಿಯಂಥದೇ? ಅತ್ತೆಗೆ ಕೊಡಿಸಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ನಿಮ್ಮ ಹೋಲಿಕೆ ಬಹಳ ಚೆನ್ನಾಗಿದೆ, ಆದರೆ ಅದು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಎನ್‌ಪಿವಿ ನಂಜಾಣು ಎಲೆಯ ಜೊತೆ ಹುಳುವಿನ ಹೊಟ್ಟೆ ಸೇರಿ, ಅದರ ಜೀವಕೋಶಗಳಲ್ಲಿ ತನ್ನ ಸಂತತಿ ಬೆಳೆಸುತ್ತದೆ. ಹುಳು ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದು, ಮೈ ಒಡೆದು ನೀರಾದಾಗ ಹೊರಬಂದು ಇನ್ನೊಂದು ಹುಳುವಿಗೆ ದಾಟುತ್ತದೆ. ಗಿಡಕ್ಕೂ, ಕಾಯಿ ಕೀಳುವ ನಿಮಗೂ ಅದರಿಂದ ಏನೂ ಆಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವೈರಸ್ಸು ಕೂಡ ಹೀಗೆಯೇ ಒಂದನ್ನು ಆರಿಸಿ ಇನ್ನೊಂದನ್ನು ಬಿಡುತ್ತದೆ. ವ್ಯತ್ಯಾಸವೆಂದರೆ, ಎನ್‌ಪಿವಿಗೆ ಆ ಆಯ್ಕೆ ಹುಟ್ಟುಗುಣ. ಕ್ಯಾನ್ಸರಿನ ವೈರಸ್ಸಿಗೆ ಅದನ್ನು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ ಕಲಿಸಲಾಗಿರುತ್ತದೆ.

ಅಮೆರಿಕದಲ್ಲಿ 2015ರ ಅಕ್ಟೋಬರಿನಲ್ಲಿ ಅನುಮತಿ ಪಡೆದ ಟಿ-ವೆಕ್ ಎಂಬ ಔಷಧವನ್ನೇ ನೋಡೋಣ. ಅದರ ಮೂಲ, ಜ್ವರ ಬಂದಾಗ ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್. ಆರೋಗ್ಯವಂತ ಜೀವಕೋಶದೊಳಗೆ ವೈರಸ್ ನುಗ್ಗಿದರೆ ಆ ಕೋಶ ತನ್ನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ ಕಳ್ಳನಿಗೆ ಅನ್ನ ಹುಟ್ಟದಂತೆ ಮಾಡುತ್ತದೆ. ಹರ್ಪಿಸ್ ವೈರಸ್ಸಿನ ಬಳಿ ಈ ತಡೆಯನ್ನು ಮುರಿಯುವ ವಂಶವಾಹಿಯೊಂದಿದೆ. ವಿಜ್ಞಾನಿಗಳು ಆ ವಂಶವಾಹಿಯನ್ನು ಕಿತ್ತುಹಾಕಿದರು. ಹೀಗಾಗಿ ಅದು ಆರೋಗ್ಯವಂತ ಕೋಶದಲ್ಲಿ ಬೆಳೆಯಲಾರದು, ಆದರೆ ಬೆಳೆಯುವ ಭರದಲ್ಲಿ ಇಂಥ ಕಾವಲು ವ್ಯವಸ್ಥೆಯನ್ನೇ ಕಳೆದುಕೊಂಡಿರುವ ಕ್ಯಾನ್ಸರ್ ಕೋಶದಲ್ಲಿ ಬೆಳೆದು ಅದನ್ನು ಒಡೆಯಬಲ್ಲದು.

ನಿಮ್ಮ ಹೋಲಿಕೆ ನಿಲ್ಲುವುದು ಇಲ್ಲಿ. ಹೊಲದಲ್ಲಿ ಹುಳುವನ್ನು ಕೊಲ್ಲುವುದು ನಂಜಾಣುವೇ. ಗಡ್ಡೆಯಲ್ಲಿ ವೈರಸ್ಸು ನೇರವಾಗಿ ಕೊಲ್ಲುವ ಕೋಶಗಳು ಒಂದು ಪಾಲು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯುವ ಕೆಲಸ. ಕ್ಯಾನ್ಸರ್ ಕೋಶ ನಮ್ಮದೇ ಕೋಶವಾದ್ದರಿಂದ ಬಿಳಿ ರಕ್ತಕಣಗಳು ಅದನ್ನು ಮನೆಯವನೆಂದು ತಿಳಿದು ಬಿಟ್ಟುಬಿಡುವುದುಂಟು. ವೈರಸ್ಸಿನಿಂದ ಆ ಕೋಶ ಒಡೆದಾಗ ಒಳಗೆ ಅಡಗಿದ್ದ ವಿಚಿತ್ರ ಪ್ರೋಟೀನುಗಳೂ ಅಪಾಯದ ಸಂಕೇತಗಳೂ ಹೊರಚೆಲ್ಲುತ್ತವೆ. ಕಾವಲು ಕೋಶಗಳು ಅವನ್ನು ಎತ್ತಿಕೊಂಡು ದುಗ್ಧಗ್ರಂಥಿಗೆ ಒಯ್ದು, ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ 'ಇವನೇ ಕಳ್ಳ' ಎಂದು ತೋರಿಸುತ್ತವೆ. ಟಿ-ವೆಕ್ ಔಷಧದಲ್ಲಿ ಈ ಕಾವಲು ಕೋಶಗಳನ್ನು ಗಡ್ಡೆಗೆ ಕರೆಸುವ ಪ್ರೋಟೀನಿನ ಮಾನವ ವಂಶವಾಹಿಯನ್ನೂ ಸೇರಿಸಲಾಗಿದೆ.

ಇದು ಬರೀ ಊಹೆಯಲ್ಲವೆಂದು ಹೇಳಲು ಒಂದು ಸಾಕ್ಷಿ ಸಾಕು. ಚರ್ಮದ ಮೆಲನೋಮಾ ಕ್ಯಾನ್ಸರಿನ 436 ರೋಗಿಗಳ ಪರೀಕ್ಷೆಯಲ್ಲಿ, ಸೂಜಿ ಚುಚ್ಚಿದ ಗಡ್ಡೆಗಳಲ್ಲಿ ಶೇಕಡ 64ರಷ್ಟು ಅರ್ಧಕ್ಕೋ ಅದಕ್ಕಿಂತ ಚಿಕ್ಕದಕ್ಕೋ ಕುಗ್ಗಿದವು. ಚುಚ್ಚದೇ ಬಿಟ್ಟ ಚರ್ಮದ ಮತ್ತು ದುಗ್ಧಗ್ರಂಥಿಯ ಗಡ್ಡೆಗಳಲ್ಲೂ ಶೇಕಡ 34ರಷ್ಟು ಹಾಗೆಯೇ ಕುಗ್ಗಿದವು. ಸೂಜಿ ಮುಟ್ಟದ ಗಡ್ಡೆ ಕುಗ್ಗಿತೆಂದರೆ, ಆ ಕೆಲಸವನ್ನು ಮುಖ್ಯವಾಗಿ ಎಚ್ಚೆತ್ತ ಟಿ ಕೋಶಗಳು ಮಾಡಿರಬೇಕು. ಆದರೆ ಅದೇ ಪರೀಕ್ಷೆಯಲ್ಲಿ ಆರು ತಿಂಗಳಾದರೂ ಬಾಳಿದ ಪರಿಣಾಮ ಕಂಡದ್ದು ಶೇಕಡ 16ರಷ್ಟು ರೋಗಿಗಳಲ್ಲಿ. ವೈರಸ್ ಕೊಡದ ಹೋಲಿಕೆಯ ಗುಂಪಿನಲ್ಲಿ ಅದು ಶೇಕಡ 2. ವಿಡಿಯೊ ಮಾಡುವವರು ಮೊದಲಿನ 64 ಹೇಳಿ ಈ 16ನ್ನು ಮರೆಯುತ್ತಾರೆ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಟಿ-ವೆಕ್ ಮೆಲನೋಮಾಕ್ಕೆ ಮಾತ್ರ, ಅದು ನಮ್ಮವರಲ್ಲಿ ಅಪರೂಪ. ತಲೆ-ಕತ್ತಿನ ಕ್ಯಾನ್ಸರಿಗೆ ಚೀನಾದಲ್ಲಿ 2005ರಲ್ಲಿ ಅಡಿನೋವೈರಸ್ಸಿನ ಔಷಧವೊಂದಕ್ಕೆ ಕಿಮೋ ಜೊತೆ ಕೊಡಲು ಅನುಮತಿ ಸಿಕ್ಕಿತಾದರೂ, ಅದು ನಮ್ಮ ಆಸ್ಪತ್ರೆಗಳ ದಿನನಿತ್ಯದ ಚಿಕಿತ್ಸೆಯಲ್ಲ. ಕೆನ್ನೆಯ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ. ಅಗತ್ಯವಿದ್ದರೆ ಅನಂತರ ರೇಡಿಯೇಶನ್. ವೈರಸ್ಸಿಗಾಗಿ ಕಾಯುತ್ತ ಅದನ್ನು ಒಂದು ವಾರವೂ ಮುಂದೂಡಬೇಡಿ. ನನ್ನ ಹೊರರೋಗಿ ವಿಭಾಗಕ್ಕೆ ಬರುವ ಎಷ್ಟೋ ಹೆಂಗಸರು ರಾತ್ರಿ ಕಡ್ಡಿಪುಡಿಯನ್ನು ಕೆನ್ನೆಯಲ್ಲಿ ಒತ್ತಿಕೊಂಡೇ ಮಲಗುವವರು. ಉಂಡೆ ಇಟ್ಟ ಕಡೆಯೇ ಹುಣ್ಣು, ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಇಷ್ಟು ತಡವಾದ ಮೇಲೆ ಬಂದವರಿಗೆ ಹೇಳಲು ನನ್ನ ಬಳಿ ಇರುವ ಮಾತುಗಳು ಕಡಿಮೆ.

ಪ್ರಶ್ನೆ: ದೇಹಕ್ಕೆ ವೈರಸ್ ಹೊಕ್ಕರೆ ರೋಗನಿರೋಧಕ ಶಕ್ತಿ ಮೊದಲು ಆ ವೈರಸ್ಸನ್ನೇ ಕೊಲ್ಲುವುದಿಲ್ಲವೇ? ಹಾಗಿದ್ದ ಮೇಲೆ ಅದು ಸಹಾಯ ಹೇಗಾಯಿತು? ಇಮ್ಯುನೋಥೆರಪಿ ಇಂಜೆಕ್ಷನ್ ಜೊತೆ ಕೊಟ್ಟರೆ ಹೆಚ್ಚು ಗುಣವೇ?
– ಪಿಯು ಕಾಲೇಜಿನ ಉಪನ್ಯಾಸಕಿ, ಚಿಂತಾಮಣಿ

ಉತ್ತರ: ಈ ಕ್ಷೇತ್ರದವರ ನಿದ್ದೆ ಕೆಡಿಸಿದ ಪ್ರಶ್ನೆಯನ್ನೇ ಕೇಳಿದ್ದೀರಿ. ಹೌದು, ಕೊಲ್ಲುತ್ತದೆ. ರಕ್ತಕ್ಕೆ ಬಿಟ್ಟ ವೈರಸ್ಸನ್ನು ಪ್ರತಿಕಾಯಗಳು ದಾರಿಯಲ್ಲೇ ಹಿಡಿಯಬಲ್ಲವಾದ್ದರಿಂದ ಟಿ-ವೆಕ್‌ನಂಥ ಔಷಧವನ್ನು ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ. ಮೊದಲ ಸಲ ಸೌಮ್ಯ ಪ್ರಮಾಣ, ಮೂರು ವಾರಗಳ ಅನಂತರ ಅದರ ನೂರು ಪಟ್ಟು ಸಾಂದ್ರತೆ, ಆಮೇಲೆ ಎರಡು ವಾರಕ್ಕೊಮ್ಮೆ. ವೈರಸ್ಸು ಬದುಕಿ ಉಳಿಯಬೇಕಾಗಿಲ್ಲ. ಸಾಯುವ ಮೊದಲು ಗಲಾಟೆ ಎಬ್ಬಿಸಿದರೆ ಸಾಕು. ಬಿಳಿ ರಕ್ತಕಣಗಳು ಬರುವುದು ವೈರಸ್ಸಿಗಾಗಿಯೇ, ಆದರೆ ಬಂದ ಮೇಲೆ ಪಕ್ಕದಲ್ಲಿರುವ ಕ್ಯಾನ್ಸರೂ ಅವುಗಳ ಕಣ್ಣಿಗೆ ಬೀಳುತ್ತದೆ.

ಹೀಗೆ ಒಳಬಂದ ಟಿ ಕೋಶಗಳಿಗೆ ಗಡ್ಡೆ ಬ್ರೇಕ್ ಹಾಕುತ್ತದೆ. ಆ ಬ್ರೇಕನ್ನು ಬಿಡಿಸುವ ಇಮ್ಯುನೋಥೆರಪಿಗೆ ದಾರಿ ತೋರಿದ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ವೈರಸ್ ಕೋಶಗಳನ್ನು ಕರೆತರಲಿ, ಇಂಜೆಕ್ಷನ್ ಬ್ರೇಕ್ ಬಿಡಿಸಲಿ ಎಂಬ ಲೆಕ್ಕಾಚಾರ ಕಾಗದದ ಮೇಲೆ ಬಹಳ ಸೊಗಸಾಗಿತ್ತು. 2017ರಲ್ಲಿ ಪ್ರಕಟವಾದ 21 ಮೆಲನೋಮಾ ರೋಗಿಗಳ ಸಣ್ಣ ಪರೀಕ್ಷೆಯಲ್ಲಿ ಟಿ-ವೆಕ್ ಮತ್ತು ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮಾಬ್ ಜೋಡಿಗೆ ಶೇಕಡ 62ರಷ್ಟು ಜನರ ಗಡ್ಡೆಗಳು ಕುಗ್ಗಿದವು. ನಾವೆಲ್ಲ ಹಿಗ್ಗಿದೆವು. ಅನಂತರ 692 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ, ಅರ್ಧ ಜನಕ್ಕೆ ನಿಜವಾದ ವೈರಸ್ಸನ್ನೂ ಉಳಿದವರಿಗೆ ಹುಸಿಮದ್ದನ್ನೂ ಚುಚ್ಚಿ, ಎಲ್ಲರಿಗೂ ಪೆಂಬ್ರೊಲಿಜುಮಾಬ್ ಕೊಟ್ಟಾಗ, ರೋಗ ಉಲ್ಬಣಿಸದೆ ಉಳಿದ ಅವಧಿಯಲ್ಲಾಗಲಿ ಆಯುಸ್ಸಿನಲ್ಲಾಗಲಿ ಖಚಿತವೆನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಗುಂಪಿಲ್ಲದ ಸಣ್ಣ ಪರೀಕ್ಷೆಯನ್ನು ನಂಬಬಾರದೆಂದು ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನೇ ಅಂದು ನಂಬಿದ್ದೆ.

ಈ ದಾರಿ ಮುಚ್ಚಿತೆಂದು ಮಾತ್ರ ನಾನು ಹೇಳಲಾರೆ. ಮೆಲನೋಮಾದಲ್ಲಿ ಇಮ್ಯುನೋಥೆರಪಿ ಒಂದೇ ಸಾಕಷ್ಟು ಕೆಲಸ ಮಾಡುವುದರಿಂದ ಅಲ್ಲಿ ವೈರಸ್ಸಿಗೆ ಉಳಿದ ಕೆಲಸ ಕಡಿಮೆ. ಟಿ ಕೋಶಗಳು ಹತ್ತಿರವೂ ಸುಳಿಯದ ಗಡ್ಡೆಗಳಲ್ಲಿ ಅದರ ಉಪಯೋಗ ಹೆಚ್ಚಿರಬಹುದೆಂಬುದು ನನ್ನ ಅನಿಸಿಕೆ. ಮೆದುಳಿನ ಗ್ಲಯೋಮಾ ಎಂಬ ಗಡ್ಡೆಗೆ ಜಪಾನ್ 2021ರಲ್ಲಿ ಮಾರ್ಪಡಿಸಿದ ಹರ್ಪಿಸ್ ವೈರಸ್ಸಿಗೆ ಷರತ್ತಿನ ಅನುಮತಿ ಕೊಟ್ಟಿದೆ.

ನಮ್ಮ ಬಾಯಿ ಕ್ಯಾನ್ಸರಿಗೆ ಸಂಬಂಧಿಸಿದಂತೆ ಇದಕ್ಕಿಂತ ಹತ್ತಿರದ ಸುದ್ದಿಯೊಂದಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು, ವಾಸಿಯಾಗುವ ಹಂತ ಮೀರಿದ ತಲೆ-ಕತ್ತಿನ ಕ್ಯಾನ್ಸರಿನ 151 ರೋಗಿಗಳಲ್ಲಿ ಎಲ್ಲರಿಗೂ ಬಾಯಿಂದ ನುಂಗುವ ಮೂರು ಔಷಧಗಳನ್ನು ಕೊಟ್ಟು, ಅರ್ಧದಷ್ಟು ಜನಕ್ಕೆ ಮಾತ್ರ ಜೊತೆಗೆ ಬ್ರೇಕ್ ಬಿಡಿಸುವ ನಿವೊಲುಮಾಬನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ, ಅಂದರೆ ಸಾಮಾನ್ಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಕೊಟ್ಟು ನೋಡಿದರು. ಒಂದು ವರ್ಷದ ಬಳಿಕ ಬದುಕಿದ್ದವರು ನಿವೊಲುಮಾಬ್ ಪಡೆಯದವರಲ್ಲಿ ಶೇಕಡ 16, ಪಡೆದವರಲ್ಲಿ ಶೇಕಡ 43. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಯಾವ ವಿಡಿಯೊದಲ್ಲೂ ಕುಣಿಯುವುದಿಲ್ಲ.

ಪ್ರಶ್ನೆ: ದಡಾರ ಬಂದ ಹುಡುಗನ ಕ್ಯಾನ್ಸರ್ ಕರಗಿತೆಂದು ಓದಿದೆ. ನಿಜವೇ?
– ಓದುಗರು, ಗೌರಿಬಿದನೂರು

ಉತ್ತರ: ನಿಜ. ಉಗಾಂಡಾದ ಎಂಟು ವರ್ಷದ ಹುಡುಗನ ಕಣ್ಣಿನ ಬಳಿಯ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರ್, ದಡಾರ ಬಂದಾಗ ಕರಗಿದ ವರದಿ 1971ರದು. ಆದರೆ ಕಾಡು ವೈರಸ್ಸಿಗೆ ಕಡಿವಾಣವಿಲ್ಲ. ಕಿಮೋ ಪಡೆಯುತ್ತಿರುವ ಮಗುವಿಗೆ ದಡಾರ ತಗುಲಿದರೆ ಪ್ರಾಣವೇ ಹೋಗಬಹುದು.

ಪ್ರಶ್ನೆ: ನಮ್ಮದು ರೇಷ್ಮೆ ಸಾಕಣೆಯ ಮನೆ. ಹಾಲುತೊಂಡೆ ರೋಗ ಒಂದು ತಟ್ಟೆಗೆ ಬಂದರೆ ಇಡೀ ಮನೆ ಹುಳು ಹೋಗುತ್ತದೆ. ಇಂಥ ವೈರಸ್ ಚುಚ್ಚಿಸಿಕೊಂಡವರಿಂದ ಮನೆಯವರಿಗೆ ಹರಡದೇ?
– ಗೃಹಿಣಿ, ಶಿಡ್ಲಘಟ್ಟ

ಉತ್ತರ: ನಿಮ್ಮ ಹಾಲುತೊಂಡೆಯೂ ಮೇಲಿನ ಪತ್ರದ ಎನ್‌ಪಿವಿಯೂ ಒಂದೇ ಕುಲದವು, ಒಬ್ಬರಿಗೆ ಶತ್ರು, ಇನ್ನೊಬ್ಬರಿಗೆ ಮಿತ್ರ. ಟಿ-ವೆಕ್ ಹರಡುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದ್ದರಿಂದ ಚುಚ್ಚಿದ ಜಾಗಕ್ಕೆ ಗಾಳಿಯಾಡದ ಪಟ್ಟಿ ಹಾಕಿ, ಅದನ್ನು ಬದಲಿಸುವಾಗ ಕೈಗವಸು ತೊಡಬೇಕು. ಗರ್ಭಿಣಿಯರೂ ರೋಗನಿರೋಧಕ ಶಕ್ತಿ ಕುಗ್ಗಿದವರೂ ಆ ಗಾಯವನ್ನು ಮುಟ್ಟಬಾರದು. ಒಂದು ಸಮಾಧಾನವೆಂದರೆ, ಹರ್ಪಿಸ್ಸಿಗೆ ಕೊಡುವ ಅಸೈಕ್ಲೊವಿರ್ ಮಾತ್ರೆಗೆ ಈ ವೈರಸ್ಸೂ ಬಗ್ಗುತ್ತದೆ.

ಪ್ರಶ್ನೆ: ವೈರಸ್ ಚಿಕಿತ್ಸೆಯ 'ಟ್ರಯಲ್'ಗೆ ಸೇರಿಸುತ್ತೇವೆ, ಮೊದಲು ಆರು ಲಕ್ಷ ಕಟ್ಟಿ ಎಂದು ಒಬ್ಬರು ಫೋನ್ ಮಾಡಿದ್ದಾರೆ. ಅರ್ಧ ಎಕರೆ ಮಾರಿದರೆ ಆದೀತು. ಏನು ಮಾಡಲಿ?
– ಓದುಗರು, ಮಾಲೂರು

ಉತ್ತರ: ಮಾರಬೇಡಿ. ನಿಜವಾದ ಪ್ರಯೋಗದಲ್ಲಿ ಪರೀಕ್ಷೆಗೊಳಪಡುವ ಔಷಧಕ್ಕೆ ರೋಗಿಯಿಂದ ಹಣ ಕೇಳುವುದಿಲ್ಲ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಸಮ್ಮತಿ ಪತ್ರವಿರಬೇಕು, ಪ್ರಯೋಗದಿಂದ ಹಾನಿಯಾದರೆ ಪರಿಹಾರವೂ ಸಿಗಬೇಕು. 2009ರಿಂದ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಫೋನ್ ಮಾಡಿದವರನ್ನು ಆ ನೋಂದಣಿ ಸಂಖ್ಯೆ ಕೇಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಟಿ-ವೆಕ್‌ನ ಸೀಸೆಯನ್ನು ಮೈನಸ್ 70 ಡಿಗ್ರಿಗಿಂತ ತಣ್ಣಗೆ ಇಡಬೇಕು, ನಿಮ್ಮ ಔಷಧವನ್ನು ಎಲ್ಲಿ, ಯಾವುದರಲ್ಲಿ ಇಟ್ಟಿದ್ದೀರಿ ಎಂದು. ಅವರು ಏನೇ ಉತ್ತರ ಕೊಡಲಿ, ನಿಮ್ಮ ಬಯಾಪ್ಸಿ ವರದಿ ಮತ್ತು ಸ್ಕ್ಯಾನ್ ಚಿತ್ರಗಳನ್ನು ತೆಗೆದುಕೊಂಡು ಈ ವಾರವೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.